ರೀಸೆಟ್ ಒತ್ತಿದರೂ ಏಳದ ಬೋರ್ಡು

ಪ್ರಶ್ನೆ: ವಾಯುಒತ್ತಡ ಅಳೆಯುವ ಬಿಎಂಪಿ 280, ಚಲನೆ ಗುರುತಿಸುವ ಎಂಪಿಯು 6050, ಗಡಿಯಾರದ ಡಿಎಸ್ 3231 ಈ ಮೂರನ್ನೂ ಆರ್ಡುಯಿನೊ ಉನೊ ಬೋರ್ಡಿನ ಒಂದೇ ಜೋಡಿ ತಂತಿಗೆ ಸೇರಿಸಿದ್ದೇನೆ. ಒಂದೊಂದಾಗಿ ಜೋಡಿಸಿದರೆ ಎಲ್ಲವೂ ಸರಿ. ಒಟ್ಟಿಗೆ ಜೋಡಿಸಿದರೆ ಗಡಿಯಾರ ತಪ್ಪು ಸಮಯ ಹೇಳುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಬೋರ್ಡು ನಿಂತೇಹೋಗುತ್ತದೆ. ರೀಸೆಟ್ ಒತ್ತಿದರೂ ಏಳುವುದಿಲ್ಲ. ಯುಎಸ್‌ಬಿ ಕೇಬಲ್ ತೆಗೆದು ಹಾಕಿದರೆ ಮಾತ್ರ ಸರಿಹೋಗುತ್ತದೆ. ಬೋರ್ಡು ಕೆಟ್ಟಿದೆಯೇ?

ಉತ್ತರ: ಲಕ್ಷಣಗಳನ್ನು ಇಷ್ಟು ಗಮನವಿಟ್ಟು ಬರೆದು ಕಳಿಸಿದ್ದೀರಿ, ಸಂತೋಷ. ನಿಮ್ಮ ಕೊನೆಯ ಮಾತಿನಲ್ಲೇ ಅರ್ಧ ಉತ್ತರವಿದೆ. ಬೋರ್ಡು ಕೆಟ್ಟಿರುವ ಸಂಭವ ಕಡಿಮೆ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಅವನ್ನು ಬಿಡಿಸಿ ನೋಡೋಣ.

ಮೊದಲು ಆ ಎರಡು ತಂತಿಗಳ ವಿಷಯ. ಇದು ಐ2ಸಿ ಬಸ್, 1982ರಲ್ಲಿ ಫಿಲಿಪ್ಸ್ ರೂಪಿಸಿದ ಪದ್ಧತಿ. ಎಸ್‌ಡಿಎ ತಂತಿಯಲ್ಲಿ ಮಾಹಿತಿ ಹರಿಯುತ್ತದೆ, ಎಸ್‌ಸಿಎಲ್ ತಂತಿಯಲ್ಲಿ ತಾಳ. ಪುಲ್-ಅಪ್ ರೆಸಿಸ್ಟರುಗಳು ಎರಡೂ ತಂತಿಗಳನ್ನು ಮೇಲಿನ ವೋಲ್ಟೇಜಿನಲ್ಲಿ ಹಿಡಿದಿರುತ್ತವೆ. ಬಸ್ಸಿನಲ್ಲಿರುವ ಯಾವ ಚಿಪ್ಪಾದರೂ ತಂತಿಯನ್ನು ಸೊನ್ನೆಗೆ ಎಳೆಯಬಹುದು, ಮೇಲಕ್ಕೆ ತಳ್ಳಲಾರದು. ಆದ್ದರಿಂದ ಒಂದೇ ಒಂದು ಚಿಪ್ಪು ಎಳೆದು ಹಿಡಿದರೂ ಉಳಿದವರೆಲ್ಲರ ಮಾತು ನಿಂತಂತೆ.

ತಪ್ಪು ಸಮಯಕ್ಕೆ ಕಾರಣ ವಿಳಾಸ. ಬಸ್ಸಿನ ಪ್ರತಿಯೊಂದು ಚಿಪ್ಪಿಗೂ ಒಂದು ವಿಳಾಸವಿರುತ್ತದೆ. ಹೆಕ್ಸಾಡೆಸಿಮಲ್ ಲೆಕ್ಕದಲ್ಲಿ ಡಿಎಸ್ 3231ರ ವಿಳಾಸ 68, ಎಂಪಿಯು 6050ರ ವಿಳಾಸವೂ 68. ಗಡಿಯಾರವನ್ನು ಕರೆದಾಗ ಇಬ್ಬರೂ ಒಟ್ಟಿಗೆ ಉತ್ತರ ಕೊಡುತ್ತಾರೆ, ಇಬ್ಬರಲ್ಲಿ ಯಾರು ಸೊನ್ನೆ ಹೇಳಿದರೂ ತಂತಿಯಲ್ಲಿ ಸೊನ್ನೆಯೇ ಉಳಿಯುತ್ತದೆ. ಹೀಗೆ ಬೆರೆತ ಸಂಖ್ಯೆಯೇ ನಿಮಗೆ ಕಂಡ ಸಮಯ. ಗಡಿಯಾರದ ವಿಳಾಸ ಬದಲಾಗದು. ಎಂಪಿಯು 6050ರ ಎಡಿ0 ಪಿನ್ನನ್ನು 3.3 ವೋಲ್ಟಿಗೆ ಜೋಡಿಸಿದರೆ ಅದರ ವಿಳಾಸ 69 ಆಗುತ್ತದೆ. ಪ್ರೋಗ್ರಾಮಿನಲ್ಲೂ ಹಾಗೆಯೇ ಬದಲಿಸಿ.

ಇನ್ನು ಬೋರ್ಡು ನಿಲ್ಲುವ ವಿಷಯ. ಇಲ್ಲಿ ಹಲವರಿಗೆ ಒಂದು ಗೊಂದಲವಾಗುತ್ತದೆ, ಅದು ಸಹಜ. ‘ಕ್ರ್ಯಾಶ್’ ಎಂದು ನಾವು ಕರೆಯುವುದರಲ್ಲಿ ಎರಡು ಬಗೆ: ಬೋರ್ಡು ತಾನಾಗಿ ಮತ್ತೆ ಮೊದಲಿನಿಂದ ಶುರುವಾಗುವುದು ಒಂದು, ಕಾಯುತ್ತಾ ನಿಂತುಬಿಡುವುದು ಇನ್ನೊಂದು. ಸೆಟಪ್ ಭಾಗದ ಆರಂಭದಲ್ಲಿ ‘ಶುರು’ ಎಂದು ಮುದ್ರಿಸಿ ನೋಡಿ. ಆ ಪದ ಮತ್ತೆ ಮತ್ತೆ ಬಂದರೆ ವಿದ್ಯುತ್ ಪೂರೈಕೆಯನ್ನೋ ಮೆಮೊರಿಯನ್ನೋ ಪರೀಕ್ಷಿಸಬೇಕು. ಉನೊದಲ್ಲಿರುವ ರ್‍ಯಾಮ್ 2 ಕಿಲೋಬೈಟ್ ಮಾತ್ರ. ಏನೂ ಬಾರದೆ ಮೌನವಾದರೆ ಅದು ಕಾಯುತ್ತಿದೆ. ಸೀರಿಯಲ್ ಮಾನಿಟರನ್ನು ಮೊದಲಿನಿಂದಲೇ ತೆರೆದಿಡಿ, ಏಕೆಂದರೆ ನಡುವೆ ತೆರೆದರೆ ಉನೊ ರೀಸೆಟ್ ಆಗುತ್ತದೆ.

ನಿಮ್ಮದು ಎರಡನೆಯ ಬಗೆ. ಸೆನ್ಸರ್ ಒಂದು ಬೈಟ್ ಕಳಿಸುತ್ತಿರುವಾಗ ಮಧ್ಯದಲ್ಲಿ ತಾಳ ತಪ್ಪಿದರೆ, ಮುಂದಿನ ತಾಳಕ್ಕಾಗಿ ಅದು ಎಸ್‌ಡಿಎಯನ್ನು ಸೊನ್ನೆಯಲ್ಲೇ ಹಿಡಿದು ಕಾಯುತ್ತದೆ. ಬೋರ್ಡು ತಂತಿ ಬಿಡುವಾಗಲೆಂದು ಕಾಯುತ್ತದೆ. ರೀಸೆಟ್ ಗುಂಡಿ ಮೈಕ್ರೊಕಂಟ್ರೋಲರನ್ನು ಮಾತ್ರ ಎಬ್ಬಿಸುತ್ತದೆ, ಸೆನ್ಸರಿಗೆ ಅದು ತಿಳಿಯುವುದೇ ಇಲ್ಲ. ಕೇಬಲ್ ತೆಗೆದಾಗ ಸೆನ್ಸರಿನ ವಿದ್ಯುತ್ತೂ ಹೋಗುವುದರಿಂದ ಹಿಡಿತ ಸಡಿಲುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು, ಬೋರ್ಡು ನಿಂತಾಗ ಮಲ್ಟಿಮೀಟರಿನಿಂದ ಎಸ್‌ಡಿಎ ಮತ್ತು ಗ್ರೌಂಡ್ ಪಿನ್ನಿನ ನಡುವೆ ಅಳೆಯಿರಿ. ಸೊನ್ನೆಯ ಹತ್ತಿರವಿದ್ದರೆ ಸೆನ್ಸರುಗಳ ಎಸ್‌ಡಿಎ ತಂತಿಯನ್ನು ಒಂದೊಂದಾಗಿ ಬಿಡಿಸಿ. ಯಾವುದನ್ನು ಬಿಡಿಸಿದಾಗ ವೋಲ್ಟೇಜು ಮೇಲೇರುತ್ತದೋ ಹಿಡಿದುಕೊಂಡದ್ದು ಅದೇ.

ಪರಿಹಾರ ಮೂರು ಹಂತಗಳಲ್ಲಿ:

1. ಸೆಟಪ್‌ನಲ್ಲಿ ವೈರ್ ಲೈಬ್ರರಿ ಆರಂಭವಾಗುವ ಮೊದಲು ಎಸ್‌ಡಿಎಯನ್ನು ಮುಕ್ತವಾಗಿ ಬಿಟ್ಟು, ಎಸ್‌ಸಿಎಲ್ ತಂತಿಯಲ್ಲಿ ಒಂಬತ್ತು ಸಲ ತಾಳ ಕೊಡಿ. ಎಂಟು ಬಿಟ್‌ಗೆ ಎಂಟು, ಒಪ್ಪಿಗೆಯ ಬಿಟ್‌ಗೆ ಒಂದು. ಸೆನ್ಸರು ಉಳಿದ ಮಾತು ಮುಗಿಸಿ ತಂತಿ ಬಿಡುತ್ತದೆ. ಕೊನೆಗೆ ಸ್ಟಾಪ್ ಸಂಕೇತ ಕೊಡಿ.

2. ವೈರ್ ಲೈಬ್ರರಿಯ ಸೆಟ್‌ವೈರ್‌ಟೈಮ್‌ಔಟ್ ಬಳಸಿ. ಉನೊದಲ್ಲಿ ಇದು ತಾನಾಗಿ ಚಾಲೂ ಆಗಿರುವುದಿಲ್ಲ. ನೀವು ಕರೆಯದಿದ್ದರೆ ಬೋರ್ಡು ಕೊನೆಯಿಲ್ಲದೆ ಕಾಯುತ್ತದೆ. ಸಮಯ ಮೀರಿದಾಗಲೂ ಮೊದಲನೆಯ ಹಂತವನ್ನು ನಡೆಸಿ.

3. ತಾಳ ತಪ್ಪದಂತೆ ನೋಡಿಕೊಳ್ಳಿ. ತಂತಿಗಳು ಗಿಡ್ಡವಾಗಿರಲಿ, ಮೋಟಾರು ಮತ್ತು ರಿಲೇಗಳಿಂದ ದೂರವಿರಲಿ, ವೇಗ 100 ಕಿಲೋಹರ್ಟ್ಸ್ ಇರಲಿ. ಪ್ರತಿ ಮಾಡ್ಯೂಲಿನಲ್ಲೂ 4.7 ಕಿಲೊಓಮಿನ ಪುಲ್-ಅಪ್ ಇದೆ ಎಂದುಕೊಂಡರೆ ಮೂರೂ ಸೇರಿ ಸುಮಾರು 1.57 ಕಿಲೊಓಮ್ ಆಗುತ್ತದೆ. 5 ವೋಲ್ಟಿನ ಬಸ್ಸಿಗೆ ಕೆಳಮಿತಿ ಸುಮಾರು 1.5 ಕಿಲೊಓಮ್. ನಾಲ್ಕನೆಯ ಮಾಡ್ಯೂಲ್ ಸೇರಿಸುವ ಮೊದಲು ಒಂದೆರಡರ ಪುಲ್-ಅಪ್ ತೆಗೆಯಬೇಕಾಗುತ್ತದೆ.

‘ವಾಚ್‌ಡಾಗ್ ಟೈಮರ್ ಹಾಕಿದರೆ ಸಾಲದೇ?’ ಎಂದು ನೀವು ಕೇಳಬಹುದು. ಅದು ಮಾಡುವುದೂ ರೀಸೆಟ್ ಗುಂಡಿಯ ಕೆಲಸವನ್ನೇ. ಒಂಬತ್ತು ತಾಳಗಳ ಜೊತೆಗಿದ್ದರೆ ಅದರಿಂದ ಉಪಯೋಗವುಂಟು, ಒಂಟಿಯಾಗಿ ಇಲ್ಲ.

ಹೊಸ ಬೋರ್ಡು ಕೊಳ್ಳುವ ಮೊದಲು ಎಡಿ0 ಪಿನ್ನನ್ನು ಬದಲಿಸಿ, ಮಲ್ಟಿಮೀಟರ್ ಹಿಡಿದು ಒಮ್ಮೆ ಎಸ್‌ಡಿಎ ಅಳೆಯಿರಿ.