ಕಂಪ್ಯೂಟರಿನ ರಿಜಿಸ್ಟ್ರಿ: ನಕಲು ಇಡುವ ಕ್ರಮ, ಗುಡಿಸುವುದರ ಅಪಾಯ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಕಂಪ್ಯೂಟರಿನ ಸಂಬಂಧವೇ ಇಲ್ಲದವರು ಈಗ ಕಡಮೆ. ಬಾಂದ್ರಾ-ಕುರ್ಲಾ ಸಂಕೀರ್ಣದ ಆಫೀಸುಗಳಲ್ಲಿ ಇಡೀ ದಿನ ಅದರ ಮುಂದೆ ಕುಳಿತಿರುವ ಗುಮಾಸ್ತರಿದ್ದಾರೆ. ಹೋಟೆಲಿನ ಗಲ್ಲೆಯಲ್ಲಿ ಕುಳಿತು ಅದರಿಂದಲೇ ಬಿಲ್ಲು ತೆಗೆಯುವವರಿದ್ದಾರೆ. ಸಂಬಳದಲ್ಲಿ ಉಳಿಸಿದ ಹಣದಿಂದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹಳೆಯ ಯಂತ್ರವೊಂದನ್ನು ಕೊಂಡು ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮನೆಯಲ್ಲಿ ಇಟ್ಟವರಿದ್ದಾರೆ. ಯಂತ್ರವು ಹಳತಾದಂತೆ ನಿಧಾನವಾಗುತ್ತದೆ. ಆಗ ಪರದೆಯ ಮೇಲೆ ಜಾಹೀರಾತೊಂದು ಮೂಡುತ್ತದೆ: ನಿಮ್ಮ ರಿಜಿಸ್ಟ್ರಿಯಲ್ಲಿ ಇಷ್ಟು ನೂರು ದೋಷಗಳಿವೆ, ಈಗಲೇ ಶುದ್ಧಮಾಡಿಕೊಳ್ಳಿ ಎಂದು. ಅದನ್ನು ನಂಬಿ ಗುಂಡಿ ಒತ್ತಿದವರಲ್ಲಿ ಕೆಲವರಿಗೆ ಏನೂ ಆಗುವುದಿಲ್ಲ. ಕೆಲವರ ಯಂತ್ರವಾದರೋ ಮರುದಿನ ಏಳುವುದೇ ಇಲ್ಲ. ಆದಕಾರಣ ಈ ರಿಜಿಸ್ಟ್ರಿ ಎಂದರೇನು, ಅದರ ನಕಲು ಇಡುವುದು ಹೇಗೆ, ಅದನ್ನು ಗುಡಿಸಲು ಹೊರಡುವುದು ಏಕೆ ತಕ್ಕದ್ದಲ್ಲ ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

೧. ರಿಜಿಸ್ಟ್ರಿ ಎಂದರೇನು?

ರಿಜಿಸ್ಟ್ರಿಯು ವಿಂಡೋಸ್ ಎಂಬ ವ್ಯವಸ್ಥೆಯಿಂದ ನಡೆಯುವ ಕಂಪ್ಯೂಟರುಗಳಲ್ಲಿ ಇರತಕ್ಕ ವಸ್ತು. ನಮ್ಮ ಕೈಯ ಮೊಬೈಲು ಫೋನಿಗಾಗಲಿ, ಲಿನಕ್ಸ್ ಯಂತ್ರಕ್ಕಾಗಲಿ ಈ ಮಾತು ಅನ್ವಯಿಸದು.

ವಾಚನಾಲಯವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಇಲ್ಲಿ ಪುಸ್ತಕಗಳ ಕಪಾಟುಗಳಿವೆ. ಅವುಗಳ ಜೊತೆಗೆ ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂಬ ಪಟ್ಟಿ ಇದೆ; ಸದಸ್ಯರ ಪಟ್ಟಿ ಇದೆ; ಬಾಗಿಲು ಎಷ್ಟು ಗಂಟೆಗೆ ತೆರೆಯಬೇಕು, ಬೀಗದ ಕೈ ಯಾರ ಬಳಿ ಇರಬೇಕು ಎಂಬ ಕಟ್ಟಳೆ ಇದೆ. ಇವೆಲ್ಲವನ್ನೂ ಒಂದೇ ರಿಜಿಸ್ಟರಿನಲ್ಲಿ ಬರೆದಿಟ್ಟರೆ ಹೇಗೋ ಕಂಪ್ಯೂಟರಿನ ರಿಜಿಸ್ಟ್ರಿಯೂ ಹಾಗೆಯೇ. ನಿಮ್ಮ ಕಾಗದಪತ್ರ, ಛಾಯಾಚಿತ್ರಗಳು ಅದರಲ್ಲಿಲ್ಲ. ಯಾವ ತಂತ್ರಾಂಶ ಎಲ್ಲಿದೆ, ಯಾವ ಮುದ್ರಣಯಂತ್ರ ಜೋಡಿಸಿದೆ, ಯಂತ್ರ ಏಳುವಾಗ ಮೊದಲು ಯಾವುದನ್ನು ಎಬ್ಬಿಸಬೇಕು ಎಂಬ ನಮೂದುಗಳು ಅದರಲ್ಲಿವೆ. ಕಪಾಟಿನ ಪುಸ್ತಕಗಳೆಲ್ಲ ಇದ್ದಂತೆಯೇ ಇದ್ದರೂ ಈ ರಿಜಿಸ್ಟರು ಹರಿದುಹೋದರೆ ವಾಚನಾಲಯ ನಡೆಯದು.

ಮೊದಲು ಹೀಗಿರಲಿಲ್ಲ. ಒಂದೊಂದು ತಂತ್ರಾಂಶವೂ ತನ್ನ ಏರ್ಪಾಡುಗಳನ್ನು ಬೇರೆ ಬೇರೆ ಚೀಟಿಗಳಲ್ಲಿ, ಅಂದರೆ ಸಣ್ಣ ಸಣ್ಣ ಕಡತಗಳಲ್ಲಿ, ಬರೆದಿಡುತ್ತಿತ್ತು. ೧೯೯೨ರ ವಿಂಡೋಸ್ ೩.೧ರಲ್ಲಿ ರಿಜಿಸ್ಟ್ರಿ ಸಣ್ಣದಾಗಿ ಆರಂಭವಾಯಿತು. ೧೯೯೩ರ ವಿಂಡೋಸ್ ಎನ್‌ಟಿಯಲ್ಲಿ ಬೆಳೆಯಿತು. ೧೯೯೫ರಲ್ಲಿ ವಿಂಡೋಸ್ ೯೫ರ ಜೊತೆಗೆ ಮನೆಮನೆಯ ಯಂತ್ರಗಳಿಗೂ ಬಂದಿತು. ಈಗ ಅದನ್ನು ತೆರೆದು ನೋಡಿದರೆ ಐದು ಶಾಖೆಗಳು ಕಾಣುತ್ತವೆ. ಅವುಗಳಲ್ಲಿ ಎರಡನ್ನು ನೆನಪಿಟ್ಟರೆ ಸಾಕು. ‘ಕರೆಂಟ್ ಯೂಸರ್’ ಎಂಬುದು ಆ ಹೊತ್ತಿಗೆ ಯಂತ್ರದ ಮುಂದೆ ಕುಳಿತವರ ಏರ್ಪಾಡುಗಳ ಶಾಖೆ. ‘ಲೋಕಲ್ ಮಷೀನ್’ ಎಂಬುದು ಇಡೀ ಯಂತ್ರಕ್ಕೆ ಸೇರಿದ್ದು. ಮೊದಲನೆಯದು ಕೆಟ್ಟರೆ ಸಾಮಾನ್ಯವಾಗಿ ಒಬ್ಬರ ಕೆಲಸ ಕೆಡುತ್ತದೆ. ಎರಡನೆಯದು ಕೆಟ್ಟರೆ ಯಂತ್ರವೇ ನಿಲ್ಲಬಹುದು.

೨. ಕನ್ನಡದ ಒಂದು ನಮೂದು

ವಿಂಡೋಸಿನಲ್ಲಿ ಕನ್ನಡ ಅಕ್ಷರಗಳಿಗೆ ಸ್ಥಾನ ದೊರೆತದ್ದು ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ. ತುಂಗಾ ಎಂಬ ಅಕ್ಷರರೂಪವೂ ಅದರ ಜೊತೆಗೇ ಬಂದಿತು. ಇಂದು ನೀವು ಯಂತ್ರದ ಏರ್ಪಾಡುಗಳಿಗೆ ಹೋಗಿ ವಿಂಡೋಸಿನದೇ ಕನ್ನಡ ಕೀಲಿಮಣೆಯನ್ನು ಸೇರಿಸಿಕೊಂಡಿರೆನ್ನಿ. ಆಗ ಕರೆಂಟ್ ಯೂಸರ್ ಶಾಖೆಯೊಳಗೆ ‘ಕೀಬೋರ್ಡ್ ಲೇಔಟ್’, ಅದರೊಳಗೆ ‘ಪ್ರೀಲೋಡ್’ ಎಂಬಲ್ಲಿ ಒಂದು ಸಾಲು ಬರೆಯಲ್ಪಡುತ್ತದೆ. ಭಾರತದ ಇಂಗ್ಲಿಷಿಗೆ ೦೦೦೦೪೦೦೯, ಹಿಂದಿಗೆ ೦೦೦೦೦೪೩೯, ಮರಾಠಿಗೆ ೦೦೦೦೦೪೪ಇ ಇದ್ದಂತೆ ಕನ್ನಡದ ಸಂಖ್ಯೆ ೦೦೦೦೦೪೪ಬಿ. ಇದು ಹದಿನಾರರ ಲೆಕ್ಕದ ಸಂಖ್ಯೆ. ಇದರಲ್ಲಿ ಒಂಬತ್ತರ ಮುಂದಿನ ಅಂಕಗಳಿಗೆ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಬಿ ಎಂದರೆ ಹನ್ನೊಂದು. ನಮ್ಮ ಎಣಿಕೆಯಲ್ಲಿ ಇದು ೧೦೯೯ ಆಗುತ್ತದೆ.

ಇಷ್ಟು ಚಿಕ್ಕ ಸಾಲು ಅಳಿಸಿಹೋದರೆ ಕೀಲಿಮಣೆಯ ಕಡತ ಯಂತ್ರದಲ್ಲಿ ಹಾಗೆಯೇ ಇದ್ದರೂ ನಿಮ್ಮ ಪಾಲಿಗೆ ಕನ್ನಡ ಕಾಣೆಯಾಗುತ್ತದೆ. ಅದನ್ನು ಮತ್ತೆ ಸೇರಿಸುವುದು ಸುಲಭವೆನ್ನಿ. ಆದರೆ ಇಂಥ ಲಕ್ಷಾಂತರ ನಮೂದುಗಳ ನಡುವೆ ಯಾವುದು ಸುಲಭದ್ದು, ಯಾವುದು ಪ್ರಾಣದಂಥದು ಎಂಬುದು ಹೊರಗಿನಿಂದ ನೋಡಿದವರಿಗೆ ತಿಳಿಯದು. ಅಪಾಯದ ಮೂಲವಿರುವುದು ಇಲ್ಲಿಯೇ.

೩. ಗುಡಿಸುವವರು ಹೇಳುವುದೇನು, ಮಾಡುವುದೇನು?

ರಿಜಿಸ್ಟ್ರಿ ಗುಡಿಸುವ ತಂತ್ರಾಂಶವು ನಮೂದುಗಳನ್ನು ಒಂದೊಂದಾಗಿ ನೋಡುತ್ತದೆ. ನಮೂದಿನಲ್ಲಿ ಹೇಳಿದ ಕಡತ ಹೇಳಿದ ಸ್ಥಳದಲ್ಲಿ ಸಿಗದಿದ್ದರೆ ಅದನ್ನು ‘ದೋಷ’ ಎಂದು ಎಣಿಸುತ್ತದೆ. ಕಡತ ಈಗ ಇಲ್ಲಿಲ್ಲ ಎಂಬುದಕ್ಕೂ ಆ ನಮೂದು ಬೇಡ ಎಂಬುದಕ್ಕೂ ಬಹಳ ಅಂತರವಿದೆ. ಪೆನ್‌ಡ್ರೈವಿನಲ್ಲಿರುವ ಕಡತ ಆ ಹೊತ್ತಿಗೆ ಜೋಡಿಸಿರದೆ ಇರಬಹುದು. ಆಫೀಸಿನ ಜಾಲದಲ್ಲಿರುವ ಕಡತ ಮನೆಯಲ್ಲಿ ಕಾಣದೆ ಇರಬಹುದು. ಒಂದೇ ಕಡತವನ್ನು ಮೂರು ತಂತ್ರಾಂಶಗಳು ಹಂಚಿಕೊಂಡಿರಬಹುದು. ರೇಷನ್ ಕಾರ್ಡಿನ ತನಿಖೆಗೆ ಬಂದವನು ಮನೆಯಲ್ಲಿ ಕಾಣದವರ ಹೆಸರನ್ನೆಲ್ಲ ಹೊಡೆದುಹಾಕಿದರೆ, ತಾಯಿಯನ್ನು ನೋಡಲು ಎರಡು ತಿಂಗಳು ಊರಿಗೆ ಹೋದವನ ಗತಿಯೇನು? ಊರಿಗೆ ಹೋದವನು ಮನೆಯವನಲ್ಲದೆ ಹೋಗುತ್ತಾನೆಯೇ?

ಇನ್ನು ಲಾಭದ ಮಾತು. ಕಸ ಕಡಮೆಯಾದರೆ ಯಂತ್ರ ಚುರುಕಾಗುತ್ತದೆ ಎಂಬುದು ಮೇಲುನೋಟಕ್ಕೆ ನ್ಯಾಯವಾಗಿ ತೋರುತ್ತದೆ. ಆದರೆ ಯಂತ್ರವು ಒಂದು ನಮೂದು ಬೇಕಾದಾಗ ರಿಜಿಸ್ಟ್ರಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವುದಿಲ್ಲ. ನಿಘಂಟಿನಲ್ಲಿ ‘ಮ’ಕಾರದ ಪದ ಬೇಕಾದರೆ ನಾವು ‘ಮ’ಕಾರಕ್ಕೇ ಹೋಗುವಂತೆ ಅದು ನೇರವಾಗಿ ಆ ಶಾಖೆಗೆ ಹೋಗುತ್ತದೆ. ಬೇರೆಡೆಯಲ್ಲಿ ಕೆಲವು ನೂರು ಹಳೆಯ ಸಾಲುಗಳಿದ್ದರೆ ಅದರ ನಡಿಗೆಗೆ ಅಡ್ಡಿಯಿಲ್ಲ. ತೆಗೆದರೆ ಕಣ್ಣಿಗೆ ಕಾಣುವ ವೇಗವೂ ಬರುವುದಿಲ್ಲ. ಹೀಗೆ ಒಂದು ಪಕ್ಕದಲ್ಲಿ ಲಾಭವು ಸೊನ್ನೆಗೆ ಸಮೀಪ. ಇನ್ನೊಂದು ಪಕ್ಕದಲ್ಲಿ ನಷ್ಟವು ಇಡೀ ಯಂತ್ರದಷ್ಟು.

ವಿಂಡೋಸನ್ನು ಮಾಡಿದ ಮೈಕ್ರೋಸಾಫ್ಟ್ ಕಂಪನಿಯು ೧೯೯೦ರ ದಶಕದಲ್ಲಿ ‘ರೆಜ್‌ಕ್ಲೀನ್’ ಎಂಬ ಇಂಥದೇ ಸಾಧನವನ್ನು ತಾನೇ ಹಂಚಿ, ಆಮೇಲೆ ಹಿಂದಕ್ಕೆ ತೆಗೆದುಕೊಂಡಿತು. ಇಂಥ ಸಾಧನಗಳ ಬಳಕೆಗೆ ತನ್ನ ಬೆಂಬಲವಿಲ್ಲವೆಂದೂ, ಅವುಗಳಿಂದ ಕೆಟ್ಟ ಯಂತ್ರಕ್ಕೆ ವಿಂಡೋಸನ್ನು ಮತ್ತೆ ಮೊದಲಿನಿಂದ ಹಾಕಬೇಕಾದೀತೆಂದೂ ಅದು ತಿಳಿಸಿದೆ.

ಇದರಲ್ಲಿ ಬರಿಯ ಮೋಸವೂ ಸೇರಿಕೊಂಡಿದೆ. ೨೦೦೮ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲರು ‘ರಿಜಿಸ್ಟ್ರಿ ಕ್ಲೀನರ್ ಎಕ್ಸ್‌ಪಿ’ ಎಂಬ ಸಾಧನವನ್ನು ಮಾರುತ್ತಿದ್ದವರ ಮೇಲೆ ದಾವೆ ಹೂಡಿದರು. ರಿಜಿಸ್ಟ್ರಿ ಕೆಟ್ಟಿದೆಯೆಂಬ ಸುಳ್ಳು ಎಚ್ಚರಿಕೆಗಳನ್ನು ಪರದೆಯ ಮೇಲೆ ಮೂಡಿಸಿ ಜನರನ್ನು ಹೆದರಿಸಿ ಮಾರುತ್ತಿದ್ದರೆಂಬುದು ಆಪಾದನೆ. ಹೆಸರಾದ ಸಾಧನವೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ೨೦೧೭ರಲ್ಲಿ ಸಿಕ್ಲೀನರ್ ಎಂಬ ಪ್ರಸಿದ್ಧ ಸಾಧನದ ೫.೩೩ನೆಯ ಆವೃತ್ತಿಯೊಳಗೆ ಕಳ್ಳರು ದುಷ್ಟ ತಂತ್ರಾಂಶವನ್ನು ತುರುಕಿದ್ದರು; ಕಂಪನಿಯ ಲೆಕ್ಕದ ಪ್ರಕಾರ ಸುಮಾರು ೨೨.೭ ಲಕ್ಷ ಯಂತ್ರಗಳಿಗೆ ಆ ಆವೃತ್ತಿ ಹೋಗಿತ್ತು.

ಆಳದ ಒಂದು ಸಣ್ಣ ದೋಷ ಎಷ್ಟು ದೂರ ಮುಟ್ಟುತ್ತದೆಂಬುದನ್ನು ನಾವು ಪಕ್ಕದಲ್ಲಿಯೇ ಕಂಡಿದ್ದೇವೆ. ೨೦೨೪ರ ಜುಲೈ ೧೯ರಂದು ಮುಂಬಯಿಯೂ ಸೇರಿದಂತೆ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಕಂಪ್ಯೂಟರುಗಳು ನಿಂತುಹೋಗಿ, ವಿಮಾನ ಕಂಪನಿಗಳು ಪ್ರಯಾಣಿಕರ ಕೆಲಸವನ್ನು ಕೈಯಿಂದಲೇ ನಡೆಸಬೇಕಾಯಿತು. ಅದು ರಿಜಿಸ್ಟ್ರಿಯ ದೋಷವಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ಕಳುಹಿಸಿದ ಒಂದು ಕಡತದ ದೋಷ. ಆದರೂ ಅದೇ ಜಾತಿಯದು: ಯಂತ್ರ ಏಳುವಾಗಲೇ ಓದತಕ್ಕ ಬರಹ ಕೆಟ್ಟಿತ್ತು, ಆದುದರಿಂದ ಯಂತ್ರ ಏಳಲಿಲ್ಲ. ಜಗತ್ತಿನಲ್ಲಿ ಸುಮಾರು ೮೫ ಲಕ್ಷ ಯಂತ್ರಗಳಿಗೆ ಈ ಗತಿಯಾಯಿತೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು.

೪. ನಕಲು ಇಡುವ ಕ್ರಮ

ಹಾಗಾದರೆ ರಿಜಿಸ್ಟ್ರಿಯನ್ನು ಎಂದೂ ಮುಟ್ಟಲೇಬಾರದೆ? ಹಾಗಲ್ಲ. ಮುದ್ರಣಯಂತ್ರವನ್ನೋ ಬಿಲ್ಲಿನ ತಂತ್ರಾಂಶವನ್ನೋ ಸರಿಪಡಿಸಲು ಬಲ್ಲವರು ಒಂದು ನಿರ್ದಿಷ್ಟ ನಮೂದನ್ನು ಬದಲಿಸಲು ಹೇಳುವುದುಂಟು. ಆಗ ಮೊದಲು ನಕಲು, ಆಮೇಲೆ ಕೆಲಸ. ನಕಲು ಎರಡು ಬಗೆ.

ಮೊದಲನೆಯದು ಇಡೀ ವ್ಯವಸ್ಥೆಯ ನಕಲು. ಇದಕ್ಕೆ ‘ರಿಸ್ಟೋರ್ ಪಾಯಿಂಟ್’ ಎನ್ನುತ್ತಾರೆ. ನಾಲ್ಕು ಚೌಕಗಳ ಗುರುತಿರುವ ವಿಂಡೋಸ್ ಗುಂಡಿಯನ್ನು ಒತ್ತಿ, ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಇಂಗ್ಲಿಷಿನಲ್ಲಿ ಬರೆದು ಹುಡುಕಿರಿ. ತೆರೆದ ಪೆಟ್ಟಿಗೆಯಲ್ಲಿ ಸಿ ಡ್ರೈವಿನ ಮುಂದೆ ‘ಆನ್’ ಎಂದಿದೆಯೇ ನೋಡಿರಿ. ಅನೇಕ ಯಂತ್ರಗಳಲ್ಲಿ ಅದು ‘ಆಫ್’ ಎಂದೇ ಇರುತ್ತದೆ. ಆಗ ‘ಕಾನ್ಫಿಗರ್’ ಎಂಬಲ್ಲಿ ಹೋಗಿ ಆನ್ ಮಾಡತಕ್ಕದ್ದು. ಬಳಿಕ ‘ಕ್ರಿಯೇಟ್’ ಒತ್ತಿ, ಕಾರಣವನ್ನು ಹೆಸರಾಗಿ ಬರೆಯಿರಿ. ಕೆಲವು ನಿಮಿಷಗಳಲ್ಲಿ ನಕಲು ಸಿದ್ಧವಾಗುತ್ತದೆ.

ಎರಡನೆಯದು ಮುಟ್ಟಲಿರುವ ಶಾಖೆಯೊಂದರ ನಕಲು. ವಿಂಡೋಸ್ ಗುಂಡಿಯನ್ನೂ ಆರ್ ಗುಂಡಿಯನ್ನೂ ಒಟ್ಟಿಗೆ ಒತ್ತಿ, ಆರ್, ಇ, ಜಿ, ಇ, ಡಿ, ಐ, ಟಿ ಎಂಬ ಏಳು ಅಕ್ಷರಗಳನ್ನು ಬರೆಯಿರಿ. ಅನುಮತಿ ಕೇಳಿದಾಗ ‘ಯೆಸ್’ ಎನ್ನಿರಿ. ಎಡಗಡೆಯಲ್ಲಿ ಬೇಕಾದ ಶಾಖೆಯನ್ನು ಆರಿಸಿ, ‘ಫೈಲ್’ ಪಟ್ಟಿಯಲ್ಲಿ ‘ಎಕ್ಸ್‌ಪೋರ್ಟ್’ ಎಂಬುದನ್ನು ಒತ್ತಿರಿ. ಕೆಳಗೆ ‘ಸೆಲೆಕ್ಟೆಡ್ ಬ್ರಾಂಚ್’ ಎಂದಿರುವುದನ್ನು ಖಚಿತಮಾಡಿಕೊಂಡು, ತಾರೀಕು ಸೇರಿಸಿ ಹೆಸರು ಕೊಟ್ಟು ಉಳಿಸಿರಿ. ಒಂದು ಪ್ರತಿಯನ್ನು ಪೆನ್‌ಡ್ರೈವಿಗೂ ಹಾಕಿರಿ. ಈ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಓದಲೂಬಹುದು.

ಆಫೀಸಿನ ಯಂತ್ರದಲ್ಲಿ ಇವೆರಡನ್ನೂ ಮಾಡಕೂಡದು. ಅಲ್ಲಿನ ಏರ್ಪಾಡು ಕಂಪ್ಯೂಟರು ವಿಭಾಗದವರ ಹೊಣೆ. ತೊಂದರೆಯನ್ನು ಬರೆದು ಅವರಿಗೆ ತಿಳಿಸುವುದೇ ಗುಮಾಸ್ತನ ಕೆಲಸ.

೫. ನಕಲಿನ ಮಿತಿ

ನಕಲು ಇದೆಯೆಂದು ನೆಮ್ಮದಿಯಾಗಿರುವವರು ಐದು ಸಂಗತಿಗಳನ್ನು ತಿಳಿದಿರಬೇಕು.

ಶಾಖೆಯ ನಕಲನ್ನು ಮರಳಿ ಹಾಕಿದಾಗ ಅಳಿಸಿದ್ದು ಬರುತ್ತದೆ, ಬದಲಾದದ್ದು ಹಿಂದಿನಂತಾಗುತ್ತದೆ. ಆದರೆ ನಡುವೆ ಹೊಸದಾಗಿ ಸೇರಿದ ನಮೂದು ಹೋಗುವುದಿಲ್ಲ. ಅದನ್ನು ಕೈಯಿಂದಲೇ ತೆಗೆಯಬೇಕು.

ಇಡೀ ರಿಜಿಸ್ಟ್ರಿಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟರೂ, ನಡೆಯುತ್ತಿರುವ ಯಂತ್ರಕ್ಕೆ ಅದನ್ನು ಪೂರ್ತಿಯಾಗಿ ಮರಳಿ ಹಾಕಲು ಬರುವುದಿಲ್ಲ. ಬಳಕೆಯಲ್ಲಿರುವ ಶಾಖೆಗಳು ಅದಕ್ಕೆ ಒಡಂಬಡುವುದಿಲ್ಲ. ಇಡೀ ವ್ಯವಸ್ಥೆಗೆ ರಿಸ್ಟೋರ್ ಪಾಯಿಂಟೇ ತಕ್ಕದ್ದು.

ಹಿಂದೆ ವಿಂಡೋಸು ತಾನಾಗಿಯೇ ‘ರೆಜ್‌ಬ್ಯಾಕ್’ ಎಂಬ ಕೋಶದಲ್ಲಿ ಒಂದು ನಕಲು ಇಡುತ್ತಿತ್ತು. ೨೦೧೮ರಲ್ಲಿ ಬಂದ ವಿಂಡೋಸ್ ೧೦ರ ೧೮೦೩ನೆಯ ಆವೃತ್ತಿಯಿಂದ ಅದು ನಿಂತಿದೆ. ಕೋಶ ಇದೆ, ಕಡತಗಳ ಹೆಸರೂ ಇವೆ, ಗಾತ್ರ ಮಾತ್ರ ಸೊನ್ನೆ. ಹಳೆಯ ಪುಸ್ತಕ ಓದಿ ಇದನ್ನು ನೆಚ್ಚಿದವರು ಖಾಲಿ ಪೆಟ್ಟಿಗೆಗೆ ಬೀಗ ಹಾಕಿದಂತೆ.

ಯಂತ್ರ ಏಳದಿದ್ದರೆ ಕೆಲವು ಸಲದ ವಿಫಲ ಪ್ರಯತ್ನದ ಬಳಿಕ ದುರಸ್ತಿಯ ನೀಲಿ ಪರದೆ ಸಾಮಾನ್ಯವಾಗಿ ತಾನೇ ಬರುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್‌ಡ್ ಆಪ್ಷನ್ಸ್’, ಅದರೊಳಗೆ ‘ಸಿಸ್ಟಮ್ ರಿಸ್ಟೋರ್’ ಎಂದು ಹೋಗಬೇಕು. ಹೊಸ ಯಂತ್ರಗಳಲ್ಲಿ ಅದು ಬಿಟ್‌ಲಾಕರಿನ ೪೮ ಅಂಕಗಳ ಸಂಖ್ಯೆಯನ್ನು ಕೇಳಬಹುದು. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿರಿ.

ಕೊನೆಯದಾಗಿ, ರಿಸ್ಟೋರ್ ಪಾಯಿಂಟು ನಿಮ್ಮ ಕಾಗದಪತ್ರಗಳ ನಕಲಲ್ಲ. ಅದು ಇರುವುದೂ ಅದೇ ಡಿಸ್ಕಿನಲ್ಲಿ. ಡಿಸ್ಕು ಸತ್ತರೆ ಅದೂ ಸಾಯುತ್ತದೆ. ಹೋಟೆಲಿನ ಜಿಎಸ್‌ಟಿ ಲೆಕ್ಕ, ಮಕ್ಕಳ ಅಂಕಪಟ್ಟಿ, ಊರಿನ ಜಮೀನಿನ ಕಾಗದ ಇವುಗಳ ಪ್ರತಿಯನ್ನು ಯಂತ್ರದ ಹೊರಗೆ ಬೇರೆಯಾಗಿಯೇ ಇಡಬೇಕು.

೬. ನಿಧಾನವಾದ ಯಂತ್ರಕ್ಕೆ ಏನು ಮಾಡಬೇಕು?

ನಿಧಾನಕ್ಕೆ ಸಾಮಾನ್ಯ ಕಾರಣಗಳು ಬೇರೆ. ಯಂತ್ರ ಏಳುವಾಗಲೇ ಹತ್ತಾರು ತಂತ್ರಾಂಶಗಳು ಜೊತೆಗೆ ಏಳುತ್ತಿರಬಹುದು; ‘ಟಾಸ್ಕ್ ಮ್ಯಾನೇಜರ್’ ತೆರೆದು ‘ಸ್ಟಾರ್ಟ್‌ಅಪ್’ ಪಟ್ಟಿಯಲ್ಲಿ ಬೇಡದ್ದನ್ನು ನಿಲ್ಲಿಸಿರಿ. ಡಿಸ್ಕು ತುಂಬಿರಬಹುದು, ಬೇಡದ ತಂತ್ರಾಂಶವನ್ನು ‘ಸೆಟ್ಟಿಂಗ್ಸ್’ ಮೂಲಕವೇ ತೆಗೆಯಿರಿ. ತಿರುಗುವ ಹಳೆಯ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಅನೇಕ ಹಳೆಯ ಯಂತ್ರಗಳು ಹೊಸ ಜೀವ ತಳೆಯುತ್ತವೆ. ಫೋನು ಮಾಡಿ ‘ನಿಮ್ಮ ರಿಜಿಸ್ಟ್ರಿ ಕೆಟ್ಟಿದೆ, ದೂರದಿಂದಲೇ ಸರಿಮಾಡುತ್ತೇವೆ’ ಎನ್ನುವವರಿಗೆ ಯಂತ್ರವನ್ನು ಒಪ್ಪಿಸಬೇಡಿರಿ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ೧೯೩೦ ಸಂಖ್ಯೆಗೆ ಫೋನು ಮಾಡಿ ದೂರು ಕೊಡಿರಿ.

ಅಭ್ಯಾಸಕ್ಕೆ

(೧) ಸ್ವಂತ ಯಂತ್ರದಲ್ಲಿ ರಿಸ್ಟೋರ್ ಪಾಯಿಂಟ್ ಆನ್ ಇದೆಯೇ ನೋಡಿ, ಇಂದಿನ ತಾರೀಕಿನ ಒಂದು ನಕಲು ಮಾಡಿರಿ.
(೨) ‘ಪ್ರೀಲೋಡ್’ ಶಾಖೆಯನ್ನು ಎಕ್ಸ್‌ಪೋರ್ಟ್ ಮಾಡಿ, ನೋಟ್‌ಪ್ಯಾಡಿನಲ್ಲಿ ತೆರೆದು ಕನ್ನಡದ ಸಂಖ್ಯೆ ಇದೆಯೇ ಹುಡುಕಿರಿ. ಏನನ್ನೂ ಬದಲಿಸಬೇಡಿರಿ.
(೩) ಶಾಖೆಯ ನಕಲನ್ನು ಮರಳಿ ಹಾಕಿದರೂ ಹೊಸದಾಗಿ ಸೇರಿದ ನಮೂದು ಏಕೆ ಉಳಿಯುತ್ತದೆ? ವಾಚನಾಲಯದ ಸದಸ್ಯರ ಪಟ್ಟಿಯ ಉದಾಹರಣೆಯಿಂದ ಗೆಳೆಯನಿಗೆ ವಿವರಿಸಿರಿ.