ನೋಡಲು ಕಲಿಯುವ ಮಿದುಳು

ಕಣ್ಣಿದ್ದವರಿಗೆಲ್ಲ ಕಾಣುತ್ತದೆ ಎಂಬುದು ನಮ್ಮ ಲೋಕಾನುಭವ. ರೆಪ್ಪೆ ತೆರೆದೊಡನೆ ಮರ ಮರವಾಗಿಯೂ ಗೋಡೆ ಗೋಡೆಯಾಗಿಯೂ ತೋರುವುದರಿಂದ, ನೋಡುವುದಕ್ಕೆ ಯಾವ ಶ್ರಮವೂ ಬೇಕಿಲ್ಲವೆಂದು ನಾವು ನಂಬಿರುತ್ತೇವೆ. ಓದುಬರಹಕ್ಕೆ ಗುರು ಬೇಕು. ನಡೆಯುವುದಕ್ಕೂ ಮಗು ಹಲವು ಬಾರಿ ಬಿದ್ದೇಳಬೇಕು. ಆದರೆ ನೋಡುವುದನ್ನು ಯಾರಾದರೂ ಕಲಿತದ್ದುಂಟೆ? ಉಂಟು. ನಾವೆಲ್ಲರೂ ಕಲಿತಿದ್ದೇವೆ, ಕಲಿತ ನೆನಪು ಮಾತ್ರ ನಮಗಿಲ್ಲ.

ಕಣ್ಣಿನ ಕೆಲಸ ಎಲ್ಲಿಯವರೆಗೆ ಎಂಬುದನ್ನು ಮೊದಲು ಅರಿಯಬೇಕು. ವಸ್ತುವಿನಿಂದ ಬಂದ ಬೆಳಕು ಮಸೂರದ ಮೂಲಕ ಹಾಯ್ದು, ಕಣ್ಣಿನ ಒಳಗೋಡೆಯಾದ ಅಕ್ಷಿಪಟದ ಮೇಲೆ ತಲೆಕೆಳಗಾದ ಬಿಂಬವನ್ನು ಮೂಡಿಸುತ್ತದೆ. ಅಲ್ಲಿ ಬೆಳಕನ್ನು ಗ್ರಹಿಸುವ ಹತ್ತು ಕೋಟಿಗೂ ಮಿಕ್ಕ ಕೋಶಗಳಿವೆ. ಅವುಗಳ ವಾರ್ತೆಯನ್ನು ಮಿದುಳಿಗೆ ಒಯ್ಯುವ ನರತಂತುಗಳಾದರೋ ಒಂದೊಂದು ಕಣ್ಣಿಗೆ ಸುಮಾರು 10 ಲಕ್ಷ ಮಾತ್ರ. ಹೀಗೆ ಸಂಕ್ಷೇಪಗೊಂಡು ತಲೆಯ ಹಿಂಭಾಗದಲ್ಲಿರುವ ದೃಷ್ಟಿಕ್ಷೇತ್ರವನ್ನು ತಲಪುವುದು ಚಿತ್ರವಲ್ಲ, ವಿದ್ಯುತ್ ಸ್ಪಂದನಗಳ ಸರಣಿ. ಯಾವ ಅಂಚು ಯಾವ ವಸ್ತುವಿಗೆ ಸೇರಿದ್ದು, ಯಾವುದು ಹತ್ತಿರ ಯಾವುದು ದೂರ, ಮುಂದೆ ಕಪ್ಪಾಗಿ ಬಿದ್ದಿರುವುದು ನೆರಳೋ ಹಳ್ಳವೋ, ಇವನ್ನೆಲ್ಲ ನಿರ್ಣಯಿಸುವ ಹೊಣೆ ಮಿದುಳಿನದು.

ಈ ನಿರ್ಣಯಶಕ್ತಿ ಹುಟ್ಟಿನಿಂದ ಬಂದುದೆ, ಅನುಭವದಿಂದ ಗಳಿಸಿದುದೆ? ಡಬ್ಲಿನ್ ನಗರದ ವಿಲಿಯಂ ಮೊಲಿನ್ಯೂ ಎಂಬ ವಿದ್ವಾಂಸನು 1688ರಲ್ಲಿ ತತ್ತ್ವಜ್ಞಾನಿ ಜಾನ್ ಲಾಕನ ಮುಂದೆ ಒಂದು ಪ್ರಶ್ನೆಯನ್ನಿಟ್ಟನು. ಹುಟ್ಟುಕುರುಡನೊಬ್ಬನು ಗೋಲವನ್ನೂ ಘನವನ್ನೂ ಮುಟ್ಟಿ ಗುರುತಿಸಬಲ್ಲನು. ಅವನಿಗೆ ಒಮ್ಮೆಗೇ ದೃಷ್ಟಿ ಬಂದರೆ, ಮುಟ್ಟದೆ, ಬರಿಯ ನೋಟದಿಂದ ಇದು ಗೋಲ, ಇದು ಘನ ಎಂದು ಹೇಳಬಲ್ಲನೆ? ಮೊಲಿನ್ಯೂವಿನ ಪತ್ನಿ ಮದುವೆಯಾದ ಸ್ವಲ್ಪ ಕಾಲದಲ್ಲಿಯೇ ಕಣ್ಣು ಕಳೆದುಕೊಂಡಿದ್ದಳು. ಅವನ ಪಾಲಿಗೆ ಇದು ಕೇವಲ ತರ್ಕವಿನೋದವಾಗಿರಲಾರದು. ಹೇಳಲಾರನೆಂದೇ ಅವನೂ ಲಾಕನೂ ಊಹಿಸಿದರು.

1728ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಚೆಸೆಲ್ಡನ್ ತಾನು ಪೊರೆ ತೆಗೆದ ಹುಡುಗನೊಬ್ಬನ ವೃತ್ತಾಂತವನ್ನು ಪ್ರಕಟಿಸಿದನು. ಸುಮಾರು 13 ವರ್ಷದ ಆ ಹುಡುಗನಿಗೆ ಬೆಳಕು ಕಂಡಿತು, ಬಣ್ಣ ಕಂಡಿತು. ಆದರೆ ಕಂಡದ್ದೆಲ್ಲವೂ ತನ್ನ ಕಣ್ಣಿಗೆ ತಗುಲಿಕೊಂಡೇ ಇರುವಂತೆ ತೋರಿತಂತೆ. ಬೆಕ್ಕು ಯಾವುದು ನಾಯಿ ಯಾವುದು ಎಂಬುದನ್ನು ಪದೇ ಪದೇ ಮರೆಯುತ್ತಿದ್ದ ಅವನು, ಕೇಳಲು ನಾಚಿ, ಒಮ್ಮೆ ಬೆಕ್ಕನ್ನು ಹಿಡಿದು ಮೈಯೆಲ್ಲ ತಡವಿ, ಅದನ್ನೇ ದಿಟ್ಟಿಸಿ ನೋಡಿ, ಇನ್ನು ಮುಂದೆ ನಿನ್ನನ್ನು ಗುರುತಿಸುತ್ತೇನೆಂದು ಹೇಳಿ ಕೆಳಗಿಳಿಸಿದನು. ಗುರುವಿಲ್ಲದೆ ಪಾಠ ಕಲಿಯುವ ಕ್ರಮಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನವನ್ನು ನಾವು ಕಂಡಿಲ್ಲ.

ಈ ಪಾಠಕ್ಕೆ ಒಂದು ವಯಸ್ಸಿದೆಯೆ? 1960ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು, ಎರಡು ಮೂರು ತಿಂಗಳ ಅನಂತರ ಬಿಚ್ಚಿ ಪರೀಕ್ಷಿಸಿದರು. ಅಕ್ಷಿಪಟಕ್ಕೆ ಯಾವ ಕೇಡೂ ಆಗಿರಲಿಲ್ಲ. ಆದರೂ ಆ ಕಣ್ಣಿನಿಂದ ಮರಿಗಳು ಕುರುಡಾಗಿದ್ದವು. ಮಿದುಳಿನ ದೃಷ್ಟಿಕ್ಷೇತ್ರದ ಕೋಶಗಳು ತೆರೆದಿದ್ದ ಕಣ್ಣಿನ ಮಾತನ್ನಷ್ಟೇ ಕೇಳುತ್ತಿದ್ದವು. ಮುಚ್ಚಿದ್ದ ಕಣ್ಣಿನ ಪಾಲು ಬಹುಮಟ್ಟಿಗೆ ಇಲ್ಲವಾಗಿತ್ತು. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿಟ್ಟರೆ ಇಂಥ ಹಾನಿ ಕಾಣಲಿಲ್ಲ. ಶೈಶವದ ಒಂದು ಗೊತ್ತಾದ ಅವಧಿಯಲ್ಲಿ ಬೆಳಕು ಬಾರದಿದ್ದರೆ ಮಿದುಳಿನ ಹೆಣಿಗೆಯೇ ಕೆಡುತ್ತದೆಂದು ಇದರಿಂದ ತಿಳಿಯಿತು. 1981ರ ನೊಬೆಲ್ ಬಹುಮಾನದಲ್ಲಿ ಇವರಿಬ್ಬರೂ ಪಾಲು ಪಡೆದರು.

ಬೆಳಕು ಬಂದರೆ ಸಾಕೆ? ಸಾಲದೆಂದು ತೋರಿಸಿದವರು ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್. 1963ರಲ್ಲಿ ಇವರು ವರ್ಣಿಸಿದ ಯಂತ್ರವು ನಮ್ಮ ಹಳ್ಳಿಯ ಗಾಣವನ್ನು ನೆನಪಿಗೆ ತರುತ್ತದೆ. ನಡುವೆ ಒಂದು ಕಂಬ, ಅದರ ಸುತ್ತ ತಿರುಗುವ ಅಡ್ಡತೊಲೆ. ಒಂದು ತುದಿಗೆ ಕಟ್ಟಿದ ಬೆಕ್ಕಿನ ಮರಿ ತನ್ನ ಕಾಲಿನಿಂದ ನಡೆಯುತ್ತದೆ; ಇನ್ನೊಂದು ತುದಿಯ ತೂಗುತೊಟ್ಟಿಯಲ್ಲಿ ಕುಳಿತ ಮರಿ, ಮೊದಲನೆಯದು ಎಳೆದತ್ತ ಸಾಗುತ್ತದೆ. ಸುತ್ತಲಿನ ಗೋಡೆಯ ಪಟ್ಟೆಗಳನ್ನು ಎರಡೂ ಸಮನಾಗಿ ನೋಡುತ್ತವೆ. ಉಳಿದ ಹೊತ್ತೆಲ್ಲ ಎರಡಕ್ಕೂ ಕತ್ತಲೆಯೇ. ದಿನಕ್ಕೆ 3 ಗಂಟೆಯಂತೆ ಈ ಅಭ್ಯಾಸ ನಡೆದ ಮೇಲೆ, ನಡೆದ ಮರಿ ಪ್ರಪಾತದಂತೆ ತೋರುವ ಅಂಚಿನಿಂದ ಹಿಂದೆ ಸರಿಯಿತು. ಬಳಿಗೆ ಬಂದ ವಸ್ತುವಿಗೆ ಕಣ್ಣು ಮಿಟುಕಿಸಿತು. ಸವಾರಿ ಮಾಡಿದ ಮರಿಗೆ ಇವೊಂದೂ ತಿಳಿಯಲಿಲ್ಲ. ಕೆಲವು ದಿನ ಬೆಳಕಿನಲ್ಲಿ ಸ್ವತಂತ್ರವಾಗಿ ಓಡಾಡಿದ ಮೇಲಷ್ಟೆ ಅದೂ ಕಲಿಯಿತು. ದಾರಿಯ ಜ್ಞಾನ, ದೂರದ ಜ್ಞಾನ ಇವು ಕಣ್ಣಿನಿಂದ ಎಷ್ಟೋ ಕಾಲಿನಿಂದಲೂ ಅಷ್ಟೇ ಬರುತ್ತವೆ.

ಬೆಕ್ಕಿನ ಮರಿಗೆ ಪ್ರಯೋಗಶಾಲೆಯಲ್ಲಿ ಒದಗಿದ ಅವಸ್ಥೆ ಮಾನವಶಿಶುವಿಗೆ ಪ್ರಕೃತಿಯಿಂದಲೇ ಒದಗುವುದುಂಟು. ಕೆಲವು ಮಕ್ಕಳು ಎರಡೂ ಕಣ್ಣುಗಳಲ್ಲಿ ಪೊರೆಯನ್ನು ಹೊತ್ತೇ ಹುಟ್ಟುತ್ತವೆ. ಕಪ್ಪಾಗಿರಬೇಕಾದ ಪಾಪೆ ಬೆಳ್ಳಗೆ ತೋರುತ್ತದೆ. ಕಾರಣ ಕೆಲವೊಮ್ಮೆ ವಂಶದಲ್ಲಿದೆ, ಕೆಲವೊಮ್ಮೆ ಗರ್ಭಿಣಿಗೆ ತಗುಲಿದ ರುಬೆಲ್ಲಾ ಸೋಂಕಿನಲ್ಲಿದೆ. ಈ ಸೋಂಕಿಗೆ ಲಸಿಕೆಯುಂಟು; 2017ರಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಆಂದೋಲನ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ದಟ್ಟವಾದ ಪೊರೆಯನ್ನು ಜನಿಸಿದ ಮೊದಲ ಎರಡು ಮೂರು ತಿಂಗಳೊಳಗೆ ತೆಗೆಯುವುದೇ ಲೇಸೆಂಬುದು ವೈದ್ಯರ ಮತ. ಆದರೆ ಬಡವರ ಮನೆಗಳಲ್ಲಿ, ಆಸ್ಪತ್ರೆ ದೂರವಿರುವ ಊರುಗಳಲ್ಲಿ, ಮಗು ಹತ್ತು ಹನ್ನೆರಡು ವರ್ಷದವರೆಗೂ ಹಾಗೆಯೇ ಉಳಿಯುವುದುಂಟು. ಆ ಮೇಲೆ ಕರೆತಂದರೆ, ಕಾಲ ಮೀರಿತು, ಇನ್ನು ಪ್ರಯೋಜನವಿಲ್ಲ ಎಂಬ ಉತ್ತರ ಸಿಗಬಹುದು. ಬೆಕ್ಕಿನ ಮರಿಯ ನಿಯಮ ಮನುಷ್ಯನ ಮಗುವಿಗೂ ಅಷ್ಟೇ ಕಟ್ಟುನಿಟ್ಟಾಗಿ ಅನ್ವಯಿಸುತ್ತದೆಯೆ ಎಂಬ ಪ್ರಶ್ನೆ ಆದಕಾರಣ ಪಾಂಡಿತ್ಯದ ಪ್ರಶ್ನೆಯಲ್ಲ. ಒಂದು ಮಗುವಿನ ಬಾಳಿನ ಪ್ರಶ್ನೆ.

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಪವನ್ ಸಿನ್ಹಾ ಅವರು ಈ ಶತಮಾನದ ಮೊದಲ ದಶಕದಲ್ಲಿ ‘ಪ್ರಕಾಶ’ ಎಂಬ ಯೋಜನೆಯನ್ನು ದೆಹಲಿಯಲ್ಲಿ ಆರಂಭಿಸಿದರು. ಹೀಗೆ ಉಳಿದುಹೋದ ಮಕ್ಕಳನ್ನು ಹುಡುಕಿ ಕರೆತಂದು ಶಸ್ತ್ರಚಿಕಿತ್ಸೆ ಮಾಡಿಸುವುದು, ದೃಷ್ಟಿ ಹೇಗೆ ಬೆಳೆಯುತ್ತದೆಂದು ಗಮನಿಸುವುದು, ಎರಡೂ ಅದರ ಉದ್ದೇಶಗಳು. ಗಾಣದ ಪ್ರಯೋಗ ಮಾಡಿದ ಹೆಲ್ಡ್ ಅವರೇ ಇಳಿವಯಸ್ಸಿನಲ್ಲಿ ಸಿನ್ಹಾರೊಡನೆ ಸೇರಿ, 2011ರಲ್ಲಿ ಮೊಲಿನ್ಯೂವಿನ ಪ್ರಶ್ನೆಗೆ ಉತ್ತರ ಕೊಟ್ಟರು. 8ರಿಂದ 17 ವರ್ಷದ ಐವರು ಮಕ್ಕಳಿಗೆ, ಶಸ್ತ್ರಚಿಕಿತ್ಸೆಯಾದ 48 ಗಂಟೆಗಳೊಳಗೆ, ಆಟಿಕೆಯ ತುಂಡುಗಳಂಥ ಆಕೃತಿಗಳನ್ನು ಕೊಡಲಾಯಿತು. ಮುಟ್ಟಿದ್ದನ್ನು ಮುಟ್ಟಿಯೇ ಎರಡರಲ್ಲಿ ಆರಿಸಿದಾಗ ನೂರಕ್ಕೆ 98ರಷ್ಟು ಸರಿ. ನೋಡಿದ್ದನ್ನು ನೋಡಿ ಆರಿಸಿದಾಗ 92. ಆದರೆ ಮುಟ್ಟಿದ್ದನ್ನು ನೋಡಿ ಆರಿಸಿದಾಗ 58 ಮಾತ್ರ. ನಾಣ್ಯ ಚಿಮ್ಮಿ ಹೇಳಿದ್ದರೂ 50 ಸರಿಯಾಗುತ್ತಿತ್ತು. ಮೊಲಿನ್ಯೂವಿನ ಊಹೆ ನಿಜವಾಯಿತು. ಆದರೆ ಕೆಲವೇ ದಿನಗಳ ಅನಂತರ ಮತ್ತೆ ಪರೀಕ್ಷಿಸಿದಾಗ ಮಕ್ಕಳು ಬಹಳಷ್ಟು ಸುಧಾರಿಸಿದ್ದರು! ಮುಚ್ಚಿದೆಯೆಂದುಕೊಂಡಿದ್ದ ಬಾಗಿಲಿಗೆ ಅಗುಳಿ ಬಿದ್ದಿರಲಿಲ್ಲ.

ಎಲ್ಲವೂ ಕಲಿಕೆಯಿಂದಲೇ ಎಂದು ಇದರಿಂದ ತೀರ್ಮಾನಿಸುವುದೂ ಸಲ್ಲದು. ಸಮನಾದ ಎರಡು ಗೆರೆಗಳು, ತುದಿಯ ಬಾಣಗಳಿಂದಾಗಿ, ಒಂದು ಉದ್ದ ಒಂದು ಗಿಡ್ಡವಾಗಿ ತೋರುವ ಭ್ರಮೆಯನ್ನು ಓದುಗರು ಬಲ್ಲರು. ಆಗತಾನೆ ಕಣ್ಣು ಬಂದ ಮಕ್ಕಳೂ ಅದಕ್ಕೆ ಒಳಗಾದರೆಂದು 2015ರಲ್ಲಿ ಪ್ರಕಟವಾಯಿತು. ಈ ಭ್ರಮೆಗೆ ವರ್ಷಗಟ್ಟಲೆಯ ಅನುಭವ ಬೇಕಿಲ್ಲವೆಂದಾಯಿತು. ಇನ್ನು ನೋಟದ ಸೂಕ್ಷ್ಮತೆ ಈ ಮಕ್ಕಳಲ್ಲಿ ಸಾಮಾನ್ಯರ ಮಟ್ಟಕ್ಕೆ ಏರುವುದಿಲ್ಲ. ತಡವಾದುದರ ಬೆಲೆ ಅದು.

ಹೊಸದಾಗಿ ಕಣ್ಣು ಬಂದವರಿಗೆ ಅತ್ಯಂತ ಕಷ್ಟವಾಗುವುದು ಒಂದು ವಸ್ತು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆಂದು ತಿಳಿಯುವುದು. ಒಂದರ ಮೇಲೊಂದು ಬಿದ್ದ ಎರಡು ಆಕೃತಿಗಳ ಚಿತ್ರವನ್ನು ತೋರಿಸಿದರೆ ಅವರು ಮೂರು ತುಂಡುಗಳನ್ನು ಎಣಿಸುತ್ತಾರೆ. ಚೆಂಡಿನ ಚಿತ್ರದಲ್ಲಿ ನೆರಳನ್ನೂ ಬೇರೊಂದು ವಸ್ತುವೆನ್ನುತ್ತಾರೆ. ಸಿನ್ಹಾರ ಸಂಗಡಿಗರು 2009ರಲ್ಲಿ ಈ ಆಕೃತಿಗಳನ್ನು ಪರದೆಯ ಮೇಲೆ ಚಲಿಸುವಂತೆ ಮಾಡಿ ತೋರಿಸಿದರು. ಒಟ್ಟಿಗೆ ಸರಿದ ತುಂಡುಗಳು ಕೂಡಲೇ ಒಂದಾದವು, ಬೇರೆಯಾಗಿ ಸರಿದವು ಬೇರೆಯಾದವು. ಕೆಲವು ತಿಂಗಳುಗಳಲ್ಲಿ, ನಿಶ್ಚಲವಾದ ಚಿತ್ರದಲ್ಲಿಯೂ ಅವರು ವಸ್ತುಗಳನ್ನು ಬಿಡಿಸಿ ಗುರುತಿಸಲಾರಂಭಿಸಿದರು.