ರಸ್ತೆಯ ಆಯುಸ್ಸು ಮತ್ತು ಪಂಚಾಯತಿಯ ಲೆಕ್ಕ

ಡಾಮರು ಹಾಕಿದ ರಸ್ತೆಯನ್ನು ಬಂಡೆಯಂತೆ ಗಟ್ಟಿಯಾದ ವಸ್ತುವೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ಬಾಗುವ ವಸ್ತು. ತುಂಬಿದ ಲಾರಿಯ ಚಕ್ರ ಮೇಲೆ ಬಂದಾಗ ರಸ್ತೆ ಅತ್ಯಲ್ಪವಾಗಿ ಕುಗ್ಗುವುದು. ಚಕ್ರ ಮುಂದೆ ಸರಿದೊಡನೆ ಮತ್ತೆ ಮೇಲೇಳುವುದು. ಕಣ್ಣಿಗೆ ಕಾಣದ ಈ ಚಲನೆಯನ್ನು ಅಳೆಯಲು ಬೆಂಕೆಲ್ಮನ್ ತೊಲೆ ಎಂಬ ಸರಳ ಉಪಕರಣವುಂಟು. ಅದು ನಮ್ಮ ಪಾಠಪುಸ್ತಕದ ಸನ್ನೆಕೋಲೇ ಸರಿ. ಅದರ ತುದಿಯನ್ನು ಲಾರಿಯ ಹಿಂದಿನ ಜೋಡಿ ಚಕ್ರಗಳ ನಡುವೆ ರಸ್ತೆಯ ಮೇಲಿಡುತ್ತಾರೆ. ತುದಿಯಿಂದ ಆನಿಕೆಗೆ 2.44 ಮೀಟರು, ಆನಿಕೆಯಿಂದ ಅಳತೆಯ ಮುಳ್ಳಿಗೆ 1.22 ಮೀಟರು. ಆದುದರಿಂದ ಲಾರಿ ಮುಂದೆ ಸರಿದಾಗ ಮುಳ್ಳು ತೋರಿಸುವುದರ ಎರಡರಷ್ಟು ರಸ್ತೆ ಮೇಲೆದ್ದಿರುತ್ತದೆ. ನಮ್ಮ ದೇಶದಲ್ಲಿ ಈ ಪರೀಕ್ಷೆಗೆ ಹಿಂದಿನ ಅಚ್ಚಿನ ಮೇಲೆ 8,170 ಕಿಲೋಗ್ರಾಂ ಭಾರವಿರಬೇಕೆಂದು ಗೊತ್ತುಮಾಡಿದ್ದಾರೆ. ಪರೀಕ್ಷೆಗೆ ತಕ್ಕ ಕಾಲ ಮಳೆಗಾಲ ಮುಗಿದೊಡನೆ. ಏಕೆಂದರೆ ರಸ್ತೆ ಅತ್ಯಂತ ದುರ್ಬಲವಾಗಿರುವುದು ಆಗಲೇ.

ಈ ದೌರ್ಬಲ್ಯದ ಮೂಲ ನೀರು. ಭಾರವನ್ನು ಕೊನೆಗೆ ಹೊರುವುದು ಡಾಮರೂ ಅಲ್ಲ, ಜಲ್ಲಿಯೂ ಅಲ್ಲ, ಅವುಗಳ ಕೆಳಗಿನ ಮಣ್ಣು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಜಾನ್ ಮ್ಯಾಕಾಡಮ್ ಈ ಮಾತನ್ನು ಒತ್ತಿ ಹೇಳಿದ್ದನು. ಒಣಮಣ್ಣಿನ ಕಣಗಳು ಒಂದನ್ನೊಂದು ಒತ್ತಿ, ಘರ್ಷಣೆಯ ಬಲದಿಂದ ಜಾರದೆ ನಿಲ್ಲುತ್ತವೆ. ಸಂದುಗಳಲ್ಲಿ ನೀರು ತುಂಬಿದರೆ ಒತ್ತಡದ ಒಂದು ಪಾಲನ್ನು ನೀರೇ ಹೊರುತ್ತದೆ, ಕಣಗಳ ನಡುವಣ ಘರ್ಷಣೆ ತಗ್ಗುತ್ತದೆ, ಮಣ್ಣು ಜಾರುತ್ತದೆ. ಮೇಲೆ ಬಿರುಕಿದ್ದರಂತೂ ಪ್ರತಿ ಚಕ್ರವೂ ಅದರೊಳಗಿನ ನೀರನ್ನು ರಭಸದಿಂದ ಹಿಂಡಿ, ಡಾಮರನ್ನು ಕಲ್ಲಿನಿಂದ ಬಿಡಿಸುತ್ತದೆ. ಗುಂಡಿ ಹುಟ್ಟುವುದು ಹೀಗೆ.

ಭಾರದ ಪಾತ್ರವೂ ಸಾಮಾನ್ಯವಾದುದಲ್ಲ. 1958ರಿಂದ 1960ರ ವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರೀಕ್ಷೆಗೆಂದೇ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಲಾರಿಗಳನ್ನು ಓಡಿಸಿದರು. ರಸ್ತೆಗಾಗುವ ಹಾನಿ ಅಚ್ಚಿನ ಭಾರದ ಸರಿಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದೆಂದು ಅದರಿಂದ ತಿಳಿಯಿತು. ಅರ್ಧ ಟನ್ನಿನ ಕಾರಿನ ಅಚ್ಚಿಗಿಂತ ಹತ್ತು ಟನ್ನಿನ ಲಾರಿಯ ಅಚ್ಚು 20 ಪಟ್ಟು ಭಾರವಾದುದು. ಹಾನಿಯಾದರೋ 1,60,000 ಪಟ್ಟು! ಭಾರತದಲ್ಲಿ 2018ರಲ್ಲಿ ನಾಲ್ಕು ಚಕ್ರಗಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿದರು. ಭಾರ ನೂರಕ್ಕೆ ಹದಿಮೂರರಷ್ಟು ಹೆಚ್ಚಿದರೆ ಹಾನಿ ನೂರಕ್ಕೆ ಸುಮಾರು ಅರವತ್ತರಷ್ಟು ಹೆಚ್ಚುವುದೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಮಾಡಿ ನೋಡಬಹುದು. ಊರಿನ ಮರಳಿನ ಲಾರಿಗಳು ಈ ಮಿತಿಯೊಳಗೇ ಇರುತ್ತವೆಯೇ ಎಂಬುದು ಬೇರೆ ಮಾತು.

ಇನ್ನು ಆಡಳಿತದ ಕಡೆಗೆ ಬರೋಣ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನು ಊರೊಳಗಿನ ರಸ್ತೆ, ಚರಂಡಿ, ಮೋರಿಗಳನ್ನು ಗ್ರಾಮ ಪಂಚಾಯತಿಯ ಕೆಲಸಗಳಲ್ಲಿ ಸೇರಿಸಿದೆ. ರಾಜ್ಯ ಹೆದ್ದಾರಿಗಳ ಹೊಣೆ ಲೋಕೋಪಯೋಗಿ ಇಲಾಖೆಯದು. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ, ರಸ್ತೆ ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕೆಂದು ಕರಾರಿನಲ್ಲಿಯೇ ಬರೆದಿಡುತ್ತಾರೆ. ಇದು ಬುದ್ಧಿವಂತಿಕೆಯ ಏರ್ಪಾಡು. ಐದು ವರ್ಷ ತಾನೇ ತೇಪೆ ಹಾಕಬೇಕಾದವನು ಮೊದಲ ದಿನವೇ ಜಲ್ಲಿಯನ್ನು ಚೆನ್ನಾಗಿ ಅದುಮಿಸುವನು.

ಬೆಂಕೆಲ್ಮನ್ ತೊಲೆಯನ್ನು ಇಟ್ಟುಕೊಳ್ಳುವಷ್ಟು ಅನುಕೂಲ ಚಿಕ್ಕ ಪಂಚಾಯತಿಗಿಲ್ಲ, ಅದರ ಅಗತ್ಯವೂ ಇಲ್ಲ. ರಸ್ತೆಗಳ ಪಟ್ಟಿಯೊಂದನ್ನು ಹಿಡಿದು ವರ್ಷಕ್ಕೆ ಎರಡು ಸಲ ನಡೆದು ನೋಡಿದರೆ ಸಾಕು: ಬಿರುಕೆಲ್ಲಿ, ಚಕ್ರದ ಜಾಡು ಎಲ್ಲಿ ತಗ್ಗಾಗಿದೆ, ನೀರೆಲ್ಲಿ ನಿಂತಿದೆ. 3.75 ಮೀಟರು ಅಗಲದ ರಸ್ತೆಯ ನಡುಭಾಗ ಅಂಚಿಗಿಂತ ನಾಲ್ಕೂವರೆ ಸೆಂಟಿಮೀಟರಿನಷ್ಟು ಎತ್ತರವಿದ್ದರೆ ನೀರು ತಾನಾಗಿ ಹರಿದುಹೋಗುವುದು. ಆದರೆ ಅಂಚಿನಲ್ಲಿ ಹುಲ್ಲು, ಮಣ್ಣು ಒಂದು ಗೇಣು ಬೆಳೆದರೆ ಆ ನಡುವುಬ್ಬು ವ್ಯರ್ಥ. ಅದನ್ನು ಕೆತ್ತಿ ತೆಗೆಯಲು ಗುದ್ದಲಿಯೊಂದೇ ಸಾಕು. ಮೇ ತಿಂಗಳಲ್ಲಿ ಚರಂಡಿಯ ಹೂಳನ್ನು ಎತ್ತುವುದಕ್ಕಿಂತ ಅಗ್ಗವಾದ ದುರಸ್ತಿ ಬೇರೊಂದಿಲ್ಲ. ಡಾಮರಿನ ಕೆಲಸಕ್ಕೆ ಒಣಹವೆ ಬೇಕು. ಏಪ್ರಿಲಿನಲ್ಲಿ ಹೊಸ ಆರ್ಥಿಕ ವರ್ಷ ಹುಟ್ಟಿ, ಮಂಜೂರಾತಿ, ಟೆಂಡರು ಮುಗಿಯುವಷ್ಟರಲ್ಲಿ ಜೂನಿನ ಮಳೆ ಬಂದಿರುತ್ತದೆ. ಆದುದರಿಂದ ಅಂದಾಜನ್ನು ಮಳೆಗಾಲದಲ್ಲಿಯೇ ಸಿದ್ಧಪಡಿಸಿ ಮಳೆ ನಿಂತೊಡನೆ ಕೆಲಸ ಹಿಡಿಯುವುದು ಜಾಣತನ. ಮಾರ್ಚಿಯ ಕೊನೆಯ ವಾರದ ಆತುರದ ಡಾಮರು ಹೆಚ್ಚು ಕಾಲ ಬಾಳುವುದನ್ನು ನಾನಂತೂ ಕಂಡಿಲ್ಲ.

ಈಗ ಕಠಿನವಾದ ಪ್ರಶ್ನೆ. ಇರುವ ಹಣದಿಂದ ಪೂರ್ತಿ ಕೆಟ್ಟ ಒಂದು ಕಿಲೋಮೀಟರನ್ನು ಹೊಸದಾಗಿ ಕಟ್ಟಬಹುದು, ಇಲ್ಲವೆ ಬಿರುಕು ಬಿಡಲು ತೊಡಗಿದ ನಾಲ್ಕು ಕಿಲೋಮೀಟರನ್ನು ಉಳಿಸಬಹುದು ಎಂದಿಟ್ಟುಕೊಳ್ಳಿ. ಭೌತಶಾಸ್ತ್ರ ಎರಡನೆಯದರ ಪಕ್ಷವನ್ನು ವಹಿಸುತ್ತದೆ. ಏಕೆಂದರೆ ನೀರು ಒಳಹೊಕ್ಕ ಮೇಲೆ ರಸ್ತೆ ಬಹು ವೇಗವಾಗಿ ಕೆಡುತ್ತದೆ, ಇಂದು ತೆಳುಪದರದಿಂದ ಆಗುವ ಕೆಲಸಕ್ಕೆ ನಾಳೆ ಬುಡದಿಂದ ಅಗೆಯಬೇಕಾಗುತ್ತದೆ. ಆದರೆ ಕೆಟ್ಟ ರಸ್ತೆಯ ಆ ಬದಿಯ ಕೇರಿಯಲ್ಲಿ ತುಂಬುಗರ್ಭಿಣಿಯನ್ನು ಆಸ್ಪತ್ರೆಗೆ ಕೊಂಡೊಯ್ಯಬೇಕಾದವರಿಗೆ ಈ ವಾದದಿಂದ ಏನು ಪ್ರಯೋಜನ? ನನ್ನ ಅಭಿಪ್ರಾಯದಲ್ಲಿ ಹಣದ ದೊಡ್ಡ ಪಾಲು ನಾಲ್ಕು ಕಿಲೋಮೀಟರಿಗೆ ಹೋಗಲಿ. ಕೆಟ್ಟ ರಸ್ತೆಯಲ್ಲಿ ಸದ್ಯಕ್ಕೆ ಡಾಮರಿನ ತೇಪೆ ಬೇಡ. ಮೊದಲು ಚರಂಡಿ ತೋಡಿ, ಮೋರಿ ಬಿಡಿಸಿ, ಗುಂಡಿಗಳಿಗೆ ಜಲ್ಲಿ ತುಂಬಿ ಅದುಮಿಸಲಿ. ಡಾಮರಿಲ್ಲದಿದ್ದರೂ ನೀರು ನಿಲ್ಲದ ರಸ್ತೆಯಲ್ಲಿ ಮಳೆಗಾಲದಲ್ಲಿಯೂ ಗಾಡಿ ಹೂತುಕೊಳ್ಳದೆ ಸಾಗುವುದು.